ಓದುಗರ ಪ್ರಶ್ನೆ, ನಮ್ಮ ಉತ್ತರ: ‘ಯಾರನ್ನು ಓದಿದರೆ ಅವರಂತೆಯೇ ಬರೆಯುತ್ತೇನೆ’

ಪ್ರಶ್ನೆ: ಮಾನ್ಯರೇ, ನಾನು ತೀರ್ಥಹಳ್ಳಿ ಸಮೀಪದ ಹಳ್ಳಿಯೊಂದರಿಂದ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರುವ ಎರಡನೆಯ ವರ್ಷದ ಬಿ.ಎ. ವಿದ್ಯಾರ್ಥಿನಿ. ಹೈಸ್ಕೂಲಿನಿಂದಲೂ ಕತೆ, ಕವಿತೆ ಬರೆಯುತ್ತಿದ್ದೇನೆ. ಕಾಲೇಜಿನ ಗೋಡೆಪತ್ರಿಕೆಗೆ ಚಿತ್ರ ಬರೆದುಕೊಡುತ್ತೇನೆ, ನಾಟಕಗಳಲ್ಲಿ ಪಾತ್ರ ಮಾಡಿದ್ದೇನೆ. ಇವುಗಳಲ್ಲಿ ನನ್ನ ನಿಜವಾದ ಒಲವು ಯಾವುದೆಂದು ತಿಳಿಯುತ್ತಿಲ್ಲ. ಇನ್ನೊಂದು ತೊಂದರೆಯೆಂದರೆ, ತೇಜಸ್ವಿಯವರನ್ನು ಓದಿದ ವಾರ ತೇಜಸ್ವಿಯವರಂತೆ, ವೈದೇಹಿಯವರನ್ನು ಓದಿದ ವಾರ ವೈದೇಹಿಯವರಂತೆ ಬರೆಯತೊಡಗುತ್ತೇನೆ. ನಮ್ಮ ಕನ್ನಡ ಮೇಷ್ಟ್ರು ‘ಚೆನ್ನಾಗಿದೆ, ಆದರೆ ನಿನ್ನದೇ ಶೈಲಿ ಕಾಣುತ್ತಿಲ್ಲ’ ಎಂದರು. ಸ್ವಂತ ಶೈಲಿಯನ್ನು ಎಲ್ಲಿಂದ ತರಬೇಕು? ನಮ್ಮ ಕಡೆಯ ಆಡುಮಾತಿನಲ್ಲಿ ಬರೆಯಬಹುದೇ? ಒಂದು ಕತೆಯನ್ನು ಜೊತೆಗಿಟ್ಟಿದ್ದೇನೆ. ಅಕ್ಷರ ಚೆನ್ನಾಗಿಲ್ಲದಿದ್ದರೆ ಕ್ಷಮಿಸಬೇಕು. ಈಗ ಅಡಿಕೆ ಸುಲಿಯುವ ಕಾಲ, ಅಮ್ಮನ ಜೊತೆ ನಾನೂ ರಾತ್ರಿ ಹನ್ನೊಂದರವರೆಗೆ ಸುಲಿಯಲು ಹೋಗುವುದರಿಂದ ಬೆರಳು ಸರಿಯಾಗಿ ಬಗ್ಗುವುದಿಲ್ಲ. ಚೊಗರು ಹತ್ತಿದ ಕೈಯನ್ನು ತರಗತಿಯಲ್ಲಿ ಡೆಸ್ಕಿನ ಕೆಳಗೇ ಇಟ್ಟುಕೊಂಡಿರುತ್ತೇನೆ, ಹಾಜರಿ ಕೂಗಿದಾಗ ಮಾತ್ರ ಎತ್ತುತ್ತೇನೆ.

ಉತ್ತರ: ನಿಮ್ಮ ಕತೆಯನ್ನೂ ಕಾಗದವನ್ನೂ ಒಟ್ಟಿಗೆ ಓದಿದೆ. ಕತೆಗಿಂತ ಕಾಗದವೇ ಚೆನ್ನಾಗಿದೆ. ಇದನ್ನು ಹೊಗಳಿಕೆಯೆಂದಾಗಲಿ ತೆಗಳಿಕೆಯೆಂದಾಗಲಿ ತಿಳಿಯದೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ನೋಡಿ. ನೀವು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ನೀವು ಕಳುಹಿಸಿದ ಲಕೋಟೆಯಲ್ಲಿಯೇ ಇದೆ.

ಕತೆ ಶುರುವಾಗುವುದು ಹೀಗೆ: “ಪಡುವಣ ದಿಗಂತದಲ್ಲಿ ಮುಳುಗುತ್ತಿದ್ದ ನೇಸರನು ಬಾನ ತುಂಬ ಕೆಂಬಣ್ಣದ ಓಕುಳಿ ಚೆಲ್ಲಿದ್ದನು. ಕಾಫಿ ಶಾಪಿನ ಗಾಜಿನ ಕಿಟಕಿಯ ಬಳಿ ಕುಳಿತ ಅನನ್ಯಾಳ ಮನದಾಳದಲ್ಲಿ ಹೇಳಿಕೊಳ್ಳಲಾಗದ ನೋವಿನ ಅಲೆಗಳು ಏಳುತ್ತಿದ್ದವು.” ಇದರಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಈ ನೇಸರ, ಈ ಓಕುಳಿ, ಈ ನೋವಿನ ಅಲೆಗಳು ನೀವು ಕಣ್ಣಾರೆ ಕಂಡವುಗಳಲ್ಲ, ಕತೆಯಿಂದ ಕತೆಗೆ ದಾಟಿಕೊಂಡು ನಿಮ್ಮವರೆಗೆ ಬಂದವು. ಅನನ್ಯಾ ಯಾವ ಊರಿನವಳು, ಆ ಕಾಫಿಗೆ ಎಷ್ಟು ಕೊಟ್ಟಳು, ಮನೆಗೆ ಹೇಗೆ ಹಿಂದಿರುಗುತ್ತಾಳೆ ಎಂದು ಕೇಳಿದರೆ ನಿಮಗೂ ಗೊತ್ತಿರಲಾರದು. ಗೊತ್ತಿಲ್ಲದ್ದನ್ನು ಬರೆಯುವಾಗ ಯಾರೇ ಆದರೂ ಸಿದ್ಧ ಮಾತುಗಳ ಮೊರೆಹೋಗುತ್ತಾರೆ.

ಈಗ ಕಾಗದದ ಕೊನೆಯ ಸಾಲನ್ನು ನೋಡಿ. ಚೊಗರು ಹತ್ತಿದ ಕೈಯನ್ನು ಡೆಸ್ಕಿನ ಕೆಳಗೆ ಇಟ್ಟುಕೊಂಡು ಹಾಜರಿಗೆ ಮಾತ್ರ ಎತ್ತುವ ಹುಡುಗಿ ಅಲ್ಲಿದ್ದಾಳೆ. ಆ ಸಾಲಿನಲ್ಲಿ ನಾಚಿಕೆ, ಬಡತನ, ನೋವು ಎಂಬ ಮಾತುಗಳಿಲ್ಲ, ವಿಶೇಷಣವೆಂದು ಹೇಳಬಹುದಾದ ಪದವೂ ಇಲ್ಲ. ಆದರೂ ಓದಿದವರಿಗೆ ಎಲ್ಲವೂ ತಿಳಿಯುತ್ತದೆ. ಏನನ್ನು ಕಾಣಿಸಬೇಕು, ಏನನ್ನು ಹೇಳದೆ ಬಿಡಬೇಕು ಎಂಬ ಎರಡು ನಿರ್ಧಾರಗಳನ್ನು ನೀವು ಅಲ್ಲಿ ಯೋಚಿಸದೆಯೇ ಮಾಡಿದ್ದೀರಿ, ಮತ್ತು ನನ್ನ ತಿಳಿವಳಿಕೆಯಲ್ಲಿ ಶೈಲಿಯ ಬಹುಪಾಲು ಇಂಥ ನಿರ್ಧಾರಗಳಲ್ಲಿಯೇ ಇರುತ್ತದೆ. ಪದಗಳ ಆಯ್ಕೆ, ವಾಕ್ಯದ ಉದ್ದ, ಲಯ ಇವೆಲ್ಲ ಅದರ ಹಿಂದೆ ಬರುವಂಥವು. ಕಾಗದದಲ್ಲಿ ನಿಮಗೆ ಹೇಳಬೇಕಾದ ಸಂಗತಿಯೊಂದಿತ್ತು, ಕೇಳುವವರು ಯಾರೆಂಬುದು ಗೊತ್ತಿತ್ತು. ಕತೆಯಲ್ಲಿ ನಿಮಗಿದ್ದದ್ದು ಕತೆಗಾರ್ತಿಯಂತೆ ಕಾಣಿಸಿಕೊಳ್ಳಬೇಕೆಂಬ ಆಸೆ ಮಾತ್ರ. ಅದೇನೂ ತಪ್ಪಲ್ಲ, ಬರೆಯುವವರೆಲ್ಲರೂ ಶುರುಮಾಡುವುದು ಅಲ್ಲಿಂದಲೇ.

ಅನುಕರಣೆಯ ಬಗ್ಗೆ ನೀವು ಪಡುತ್ತಿರುವ ಆತಂಕ ಹೊಸದಲ್ಲ. ಕನ್ನಡ ಕಾವ್ಯದ ದಾರಿಯನ್ನೇ ಬದಲಿಸಿದ ಗೋಪಾಲಕೃಷ್ಣ ಅಡಿಗರು ತಮ್ಮ ಮೊದಲ ಸಂಕಲನ ‘ಭಾವತರಂಗ’ದಲ್ಲಿ, ಬೇರೆಯವರು ಹೇಳಿದ್ದನ್ನೇ ಬರೆಬರೆದು ಮನಸ್ಸು ಸೋತಿದೆ, ತನ್ನ ಮಾತಿನಲ್ಲಿಯೇ ತನ್ನ ಒಳಗನ್ನು ಬಣ್ಣಿಸುವ ಶಕ್ತಿ ಬರುವವರೆಗೆ ಈ ಬಾಳು ನರಕವೇ ಎಂಬ ಅಳಲನ್ನು ಪದ್ಯವಾಗಿ ತೋಡಿಕೊಂಡರು. ಆ ಸಂಕಲನ ಬಂದದ್ದು 1946ರಲ್ಲಿ. ಅಡಿಗರ ಕಾವ್ಯವೆಂದು ಇಂದು ನಾವು ಕೂಡಲೇ ಗುರುತಿಸುವ ಬನಿ ‘ಚಂಡೆಮದ್ದಳೆ’ಯಲ್ಲಿ ಕಾಣಿಸಿಕೊಂಡದ್ದು 1954ರಲ್ಲಿ. ನಡುವೆ ಎಂಟು ವರ್ಷ, ಎರಡು ಸಂಕಲನ. ತಮ್ಮ ದಾರಿ ಸಿಕ್ಕ ಪುಸ್ತಕಕ್ಕೆ ಅವರು ಇಟ್ಟದ್ದು ಹುಟ್ಟಿದ ಸೀಮೆಯ ಯಕ್ಷಗಾನದ ವಾದ್ಯಗಳ ಹೆಸರು ಎಂಬುದನ್ನೂ ಗಮನಿಸಬಹುದು. ನೀವು ಮೆಚ್ಚುವ ತೇಜಸ್ವಿಯವರೂ ಮೊದಲು ನವ್ಯ ಸಾಹಿತ್ಯ ಚಳವಳಿಯ ಮಾದರಿಯಲ್ಲಿಯೇ ಬರೆದವರು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ಆ ದಾರಿಯನ್ನು ಬಿಡುತ್ತಿರುವುದಾಗಿ ಅವರು ಬಹಿರಂಗವಾಗಿಯೇ ಹೇಳಿದರು. ಅಷ್ಟು ಹೊತ್ತಿಗೆ ಅವರು ಮೂಡಿಗೆರೆಯ ಕಡೆ ತೋಟ ಮಾಡಿಕೊಂಡು ನೆಲೆಸಿದ್ದರು, ಅವರ ಸುತ್ತ ಆ ಕತೆಗಳ ಜನರಿದ್ದರು. ನಿಮಗೆ ತೇಜಸ್ವಿಯವರಿಂದ ತೆಗೆದುಕೊಳ್ಳಬೇಕಾದದ್ದೇನಾದರೂ ಇದ್ದರೆ ಅವರ ವಾಕ್ಯಗಳಿಗಿಂತ ಹೆಚ್ಚಾಗಿ ಆ ಸುತ್ತಲಿನ ಕಡೆಗೆ ಅವರಿಗಿದ್ದ ಕುತೂಹಲ.

ಆದ್ದರಿಂದ ಅನುಕರಣೆಯನ್ನು ಬಿಡಬೇಡಿ, ಅದನ್ನು ತಿಳಿದು ಮಾಡಿ. ವೈದೇಹಿಯವರ ಕತೆಯ ಒಂದು ಪುಟವನ್ನು ಕೈಯಲ್ಲಿ ನಕಲು ಮಾಡಿಕೊಳ್ಳಿ. ಓದುವಾಗ ಕಣ್ಣು ಜಾರಿಹೋಗುವ ಕಡೆಗಳಲ್ಲಿ ನಕಲು ಮಾಡುವ ಕೈ ನಿಲ್ಲುತ್ತದೆ. ವಾಕ್ಯ ಇಲ್ಲಿ ಏಕೆ ಮುಗಿಯಿತು, ಈ ಹೆಂಗಸಿನ ಮಾತನ್ನು ಏಕೆ ಅರ್ಧಕ್ಕೇ ನಿಲ್ಲಿಸಿದರು ಎಂದು ಆಗ ಕೇಳಿಕೊಳ್ಳುವಿರಿ. ಒಬ್ಬರನ್ನೇ ಅನುಕರಿಸಿದರೆ ಅವರ ನೆರಳಾಗುವ ಭಯವುಂಟು. ಹಲವರನ್ನು ಅನುಕರಿಸಿದವರಲ್ಲಿ ಆ ಹಲವರೂ ಒಬ್ಬರನ್ನೊಬ್ಬರು ತಿದ್ದುತ್ತಾರೆ. ವಾರಕ್ಕೊಬ್ಬರಂತೆ ಬರೆಯುತ್ತಿರುವ ನೀವು ಅಷ್ಟರಮಟ್ಟಿಗೆ ಸುರಕ್ಷಿತವಾಗಿದ್ದೀರಿ.

ನಿಮ್ಮ ಮೇಷ್ಟ್ರ ಮಾತು ತಪ್ಪೆಂದು ನಾನು ಹೇಳುವುದಿಲ್ಲ. ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗೆ ಅದು ಸ್ವಲ್ಪ ಬೇಗ ಹೇಳಿದ ಮಾತು, ಅಷ್ಟೇ. ಅದರ ಹಿಂದೆ, ಒಬ್ಬ ಬರಹಗಾರರಿಗೆ ಒಂದೇ ಶೈಲಿ ಇರಬೇಕೆಂಬ ನಂಬಿಕೆಯೂ ಇರಬಹುದು, ಅದನ್ನು ನಾನು ಒಪ್ಪುವುದಿಲ್ಲ. ಜಿ.ಪಿ. ರಾಜರತ್ನಂ ಅವರನ್ನು ನೋಡಿ. ಹೆಂಡಗುಡುಕ ರತ್ನನ ಬಾಯಿಂದ ಪದ ಹಾಡಿಸಿದವರೂ ಅವರೇ, ಎಳೆಯ ಮಕ್ಕಳಿಗೆ ನಾಯಿಮರಿಯ ಪದ್ಯ ಬರೆದವರೂ ಅವರೇ, ಬೌದ್ಧ ಸಾಹಿತ್ಯವನ್ನು ತಿಳಿಗನ್ನಡ ಗದ್ಯಕ್ಕೆ ತಂದವರೂ ಅವರೇ. ಮೂರರ ಭಾಷೆಯೂ ಬೇರೆ ಬೇರೆ, ಏಕೆಂದರೆ ಮೂರು ಕಡೆಯೂ ಮಾತನಾಡುವವರು ಬೇರೆ, ಕೇಳುವವರು ಬೇರೆ. ಬರಹ ಕೇಳಿದ್ದನ್ನು ಕೊಡುವ ಈ ಸಾಮರ್ಥ್ಯವೇ ರಾಜರತ್ನಂ ಅವರ ಸ್ವಂತಿಕೆಯೆಂದು ನನಗೆ ತೋರುತ್ತದೆ.

ಆಡುಮಾತಿನ ಪ್ರಶ್ನೆಗೆ ನನ್ನ ಉತ್ತರ: ಧಾರಾಳವಾಗಿ ಬರೆಯಬಹುದು, ಆದರೆ ಅಲಂಕಾರಕ್ಕೆಂದು ಬರೆಯಬಾರದು. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ನಂಜನಗೂಡು ಸೀಮೆಯ ಮಾತಿನಲ್ಲಿಯೇ ನಿಂತಿರುವ ಕೃತಿ. ಮೊದಲ ಓದಿಗೆ ಅನೇಕರಿಗೆ ಕಷ್ಟವೆನಿಸಿದ ಆ ಪುಟ್ಟ ಕಾದಂಬರಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅಲ್ಲಿ ಆಡುಮಾತನ್ನು ತೆಗೆದರೆ ಕಾದಂಬರಿಯೇ ಉಳಿಯುವುದಿಲ್ಲ. ಅದಕ್ಕೆ ವ್ಯತಿರಿಕ್ತವಾಗಿ, ಇಡೀ ಕತೆಯನ್ನು ಗ್ರಾಂಥಿಕದಲ್ಲಿ ಬರೆದು ನಡುವೆ ಕೆಲಸದವಳ ಬಾಯಲ್ಲಿ ಮಾತ್ರ ನಾಲ್ಕು ಗ್ರಾಮ್ಯ ಪದಗಳನ್ನು ಹಾಕುವ ಪದ್ಧತಿಯೊಂದಿದೆ. ಅದನ್ನು ದಯವಿಟ್ಟು ಕಲಿಯಬೇಡಿ. ಅಲ್ಲಿ ಆಡುಮಾತು ಪಾತ್ರವನ್ನು ಕೀಳುಮಾಡಲು ಬಳಕೆಯಾಗುತ್ತದೆ. ನೀವೂ ನಿಮ್ಮ ಅಮ್ಮನೂ ಮನೆಯಲ್ಲಿ ಆಡುವ ಮಾತನ್ನು ಮೊದಲು ನಿರೂಪಣೆಯಲ್ಲಿ ಒಂದು ಪುಟ ಪ್ರಯತ್ನಿಸಿ ನೋಡಿ. ಆ ಪುಟ ಗಟ್ಟಿಯಾಗಿ ಓದಿಸಿಕೊಂಡರೆ ಮುಂದುವರಿಸಿ. ಓದುವಾಗ ನಿಮ್ಮ ನಾಲಿಗೆಯೇ ತಡವರಿಸಿದರೆ ಅದು ಬರವಣಿಗೆಯಲ್ಲಿ ಕೃತಕವಾಗಿದೆ ಎಂದರ್ಥ.

ಇನ್ನು ಒಂದು ಕೆಲಸ ಕೊಡುತ್ತೇನೆ. ಅನನ್ಯಾಳನ್ನು ಕಾಫಿ ಶಾಪಿನಲ್ಲಿಯೇ ಬಿಟ್ಟು, ಅಡಿಕೆ ಸುಲಿಯುವ ಒಂದು ರಾತ್ರಿಯನ್ನು ಬರೆಯಿರಿ. ಮೆಟ್ಟುಗತ್ತಿಯ ಮುಂದೆ ಯಾರ ಪಕ್ಕ ಯಾರು ಕೂರುತ್ತಾರೆ, ಆ ಜಾಗ ಹೇಗೆ ನಿಶ್ಚಯವಾಗುತ್ತದೆ, ಸುಲಿದದ್ದನ್ನು ಅಳೆಯುವಾಗ ಯಾರು ಬಗ್ಗಿ ನೋಡುತ್ತಾರೆ, ಯಾರು ನೋಡದ ಹಾಗೆ ಇರುತ್ತಾರೆ, ಹಂಡೆಯಲ್ಲಿ ಬೇಯುವ ಅಡಿಕೆಯ ವಾಸನೆ ಎಷ್ಟು ದೂರ ಬರುತ್ತದೆ, ಮನೆಯೊಡತಿ ಚಹಾ ಕೊಡುವ ಲೋಟ ಯಾವುದು, ಸುಲಿಯುವ ಯಂತ್ರ ಬಂದ ಮನೆಗಳ ಬಗ್ಗೆ ಹೆಂಗಸರು ಏನು ಮಾತನಾಡಿಕೊಳ್ಳುತ್ತಾರೆ, ಇಂಥವು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ. ಇದೇ ರಾತ್ರಿಯನ್ನು ಮೂರು ಸಲ ಬರೆಯಬೇಕು: ಒಮ್ಮೆ ಅಮ್ಮ ನೆರೆಯವಳಿಗೆ ಹೇಳುವಂತೆ, ಒಮ್ಮೆ ತೋಟದ ಯಜಮಾನರು ತಮ್ಮ ನೆಂಟರಿಗೆ ಹೇಳುವಂತೆ, ಕೊನೆಗೆ ನೀವು ಹೇಳುವಂತೆ. ಮೂರನೆಯದನ್ನು ಬರೆಯುವಾಗ, ಮೊದಲೆರಡರಲ್ಲಿ ಇಲ್ಲದ ಏನೋ ಒಂದನ್ನು ನೀವು ಸೇರಿಸುತ್ತೀರಿ, ಅವರಿಬ್ಬರೂ ಮುಖ್ಯವೆಂದುಕೊಂಡ ಏನನ್ನೋ ಬಿಡುತ್ತೀರಿ. ಆ ಸೇರಿಸಿದ್ದನ್ನೂ ಬಿಟ್ಟದ್ದನ್ನೂ ಗುರುತುಹಾಕಿ ಮೇಷ್ಟ್ರಿಗೆ ತೋರಿಸಿ, ನಿನ್ನ ಶೈಲಿ ಎಲ್ಲಿ ಎಂದು ಅವರು ಕೇಳಿದ್ದಕ್ಕೆ ಅದನ್ನೇ ಉತ್ತರವಾಗಿ ಕೊಡಬಹುದು. ಬರೆದದ್ದನ್ನು ನಾನು ತಿದ್ದಿಕೊಡಲಾರೆ. ನಾನು ತಿದ್ದಿದರೆ ಅದು ನನ್ನ ವಾಕ್ಯವಾಗುತ್ತದೆ. ನೀವೇ ಒಂದು ವಾರ ಎತ್ತಿಟ್ಟು, ಮತ್ತೆ ಗಟ್ಟಿಯಾಗಿ ಓದಿ, ಬೇರೆ ಯಾರ ಕತೆಯಲ್ಲಾದರೂ ಇರಬಹುದಾದ ವಾಕ್ಯಗಳನ್ನೆಲ್ಲ ಹೊಡೆದುಹಾಕಿ. ನಾಲ್ಕು ಪುಟ ಒಂದೂವರೆ ಪುಟವಾದರೆ ಗಾಬರಿಯಾಗಬೇಡಿ.

ಕತೆ, ಕವಿತೆ, ಚಿತ್ರ, ನಾಟಕ ಇವುಗಳಲ್ಲಿ ನಿಜವಾದ ಒಲವು ಯಾವುದು ಎಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡೆ, ಏಕೆಂದರೆ ಅದಕ್ಕೆ ಈಗಲೇ ಉತ್ತರ ಬೇಕಾಗಿಲ್ಲ. ಗಿರೀಶ ಕಾರ್ನಾಡರು ಧಾರವಾಡದಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿದವರು, ಇಂಗ್ಲಿಷ್ ಕವಿಯಾಗಬೇಕೆಂದು ಕನಸು ಕಂಡವರು. ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿಗೆ ತಾವು ಬರೆಯುತ್ತಿರುವುದು ನಾಟಕವನ್ನು, ಅದೂ ಕನ್ನಡದಲ್ಲಿ, ಎಂಬುದನ್ನು ಕಂಡು ಅವರಿಗೇ ಆಶ್ಚರ್ಯವಾಯಿತೆಂದು ಮುಂದೆ ಬರೆದುಕೊಂಡಿದ್ದಾರೆ. 1961ರಲ್ಲಿ ಪ್ರಕಟವಾದ ‘ಯಯಾತಿ’ಯೇ ಆ ನಾಟಕ. ಒಲವು ಯಾವುದೆಂದು ಅವರು ಮೊದಲೇ ನಿಶ್ಚಯಿಸಿದ್ದರೆ ನಮಗೆ ಇನ್ನೊಬ್ಬ ಇಂಗ್ಲಿಷ್ ಕವಿ ಸಿಗುತ್ತಿದ್ದರೇನೋ. ನೀವು ಪದವಿ ಮುಗಿಯುವವರೆಗೆ ನಾಲ್ಕನ್ನೂ ಮಾಡಿ, ಒಂದನ್ನು ಮಾತ್ರ ಗಮನಿಸುತ್ತಿರಿ: ಪ್ರತಿಯೊಂದು ಕಲೆಯಲ್ಲಿಯೂ ಚಪ್ಪಾಳೆ ಸಿಗದ, ಬೇಸರ ತರಿಸುವ ಭಾಗವೊಂದಿರುತ್ತದೆ. ನಾಟಕದಲ್ಲಿ ಅದು ಒಂದೇ ದೃಶ್ಯದ ತಾಲೀಮನ್ನು ದಿನಗಟ್ಟಲೆ ಮಾಡುವುದು, ಚಿತ್ರದಲ್ಲಿ ಕೈಯ ಐದು ಬೆರಳನ್ನು ಸರಿಬರುವವರೆಗೆ ಬರೆಯುವುದು, ಬರವಣಿಗೆಯಲ್ಲಿ ಮುಗಿದ ಕತೆಯನ್ನು ಮತ್ತೆ ಮೊದಲಿನಿಂದ ಬರೆಯುವುದು. ಇವುಗಳಲ್ಲಿ ಯಾವ ಬೇಸರವನ್ನು ನೀವು ಯಾರೂ ಹೇಳದೆಯೇ ಸಹಿಸಿಕೊಳ್ಳುತ್ತೀರೋ ಅದರ ಕಡೆಗೆ ನಿಮ್ಮ ಒಲವಿದೆ. ಚಪ್ಪಾಳೆಯ ಭಾಗ ಎಲ್ಲರಿಗೂ ಹಿಡಿಸುತ್ತದೆ, ಅದರಿಂದ ಏನನ್ನೂ ತಿಳಿಯಲಾಗದು. ಸಾಧ್ಯವಾದರೆ ಸಾಗರದ ಬಳಿಯ ಹೆಗ್ಗೋಡಿನಲ್ಲಿ ನೀನಾಸಂ ರಂಗಸಂಸ್ಥೆ ನಡೆಸುವ ಶಿಬಿರಕ್ಕೊಮ್ಮೆ ಹೋಗಿ ಬನ್ನಿ. ನಿಮ್ಮ ಊರಿನಿಂದ ಅದೇನೂ ಬಹಳ ದೂರವಲ್ಲ, ಅಲ್ಲಿ ನಾಟಕ ನೋಡುವವರೂ ಪುಸ್ತಕ ಓದುವವರೂ ಒಂದೇ ಸೂರಿನಡಿ ವಾದ ಮಾಡುತ್ತಿರುತ್ತಾರೆ.

ಪ್ರಶ್ನೆ: ನಾನು ಬಳ್ಳಾರಿಯ ಎಂಜಿನಿಯರಿಂಗ್ ವಿದ್ಯಾರ್ಥಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷ್, ಗೆಳೆಯರ ಜೊತೆ ಕನ್ನಡ. ಕನ್ನಡದಲ್ಲಿ ಪ್ರಬಂಧಗಳನ್ನು ಬರೆಯಬೇಕೆಂಬ ಆಸೆಯಿದೆ. ಮೊದಲು ಇಂಗ್ಲಿಷಿನಲ್ಲಿ ಬರೆದು, ಮೊಬೈಲಿನ ಅನುವಾದ ತಂತ್ರಾಂಶದಲ್ಲಿ ಕನ್ನಡಕ್ಕೆ ತಿರುಗಿಸಿ, ಆಮೇಲೆ ತಿದ್ದಿಕೊಳ್ಳುತ್ತೇನೆ. ಮನೆಮಾತು ಕನ್ನಡವಲ್ಲದ ನನಗೆ ಕನ್ನಡದಲ್ಲಿ ಸ್ವಂತ ಶೈಲಿ ಬರಲು ಸಾಧ್ಯವೇ?

ಉತ್ತರ: ಮನೆಮಾತಿನ ಚಿಂತೆಯನ್ನು ಈಗಲೇ ಬಿಟ್ಟುಬಿಡಿ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಮೇಲೆ ಹೇಳಿದ ರಾಜರತ್ನಂ ಅವರದು ತಮಿಳು, ಕಾರ್ನಾಡರದು ಕೊಂಕಣಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರ ಮನೆಮಾತು ಉರ್ದು, ಅವರು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿ ಕನ್ನಡದ ಅಕ್ಷರ ಕಲಿತವರು. ಧಾರವಾಡದ ಬೀದಿಯ ಕನ್ನಡದಿಂದ ಬೇಂದ್ರೆಯವರು ಹೊರಡಿಸಿದ ನಾದವನ್ನು ಕನ್ನಡವೇ ಮನೆಮಾತಾಗಿದ್ದ ಎಷ್ಟು ಜನ ಹೊರಡಿಸಿದ್ದಾರೆ ಹೇಳಿ. ಎರಡು ಭಾಷೆಗಳ ನಡುವೆ ಬೆಳೆದ ಕಿವಿಗೆ ಕೆಲವೊಮ್ಮೆ, ಒಂದೇ ಭಾಷೆಯಲ್ಲಿ ಬೆಳೆದವರು ಗಮನಿಸದೆ ಬಿಟ್ಟದ್ದು ಕೇಳಿಸುತ್ತದೆ.

ತಂತ್ರಾಂಶದ ವಿಷಯದಲ್ಲಿ ಮಾತ್ರ ನಾನು ನಿಷ್ಠುರವಾಗಿರಬೇಕಾಗಿದೆ. ನೀವು ಕಳುಹಿಸಿದ ಪ್ರಬಂಧದಲ್ಲಿ “ರೈಲು ತಡವಾಗಿತ್ತು ಮತ್ತು ಇದು ನನ್ನನ್ನು ದುಃಖಿತನನ್ನಾಗಿ ಮಾಡಿತು” ಎಂಬ ವಾಕ್ಯವಿದೆ. ಬಳ್ಳಾರಿ ಸ್ಟೇಷನ್ನಿನಲ್ಲಿ ಗೆಳೆಯನ ಪಕ್ಕ ನಿಂತು ನೀವು ಹೀಗೆ ಎಂದಾದರೂ ಹೇಳಿದ್ದೀರಾ? ‘ರೈಲು ಬರಲೇ ಇಲ್ಲ, ಬೇಜಾರಾಯ್ತು’ ಎನ್ನುತ್ತೀರಿ, ಅಥವಾ ಬಳ್ಳಾರಿಯ ಬಿಸಿಲಿಗೆ ತಕ್ಕ ಇನ್ನೂ ಖಾರವಾದ ಏನನ್ನೋ ಹೇಳುತ್ತೀರಿ. ಆ ಖಾರವೇ ನಿಮ್ಮದು, ತಂತ್ರಾಂಶ ಮೊದಲು ತೆಗೆದುಹಾಕುವುದೂ ಅದನ್ನೇ. ಹೀಗೆ ಬಂದ ವಾಕ್ಯವನ್ನು ಆಮೇಲೆ ಎಷ್ಟು ತಿದ್ದಿದರೂ ಅದರ ಕಟ್ಟು ಬದಲಾಗುವುದಿಲ್ಲ, ನೀವು ಪದ ಬದಲಿಸುತ್ತ ಹೋಗುತ್ತೀರಿ, ಅಷ್ಟೇ. ಅದಕ್ಕಿಂತ ಸುಲಭವಾದ ಉಪಾಯವಿದೆ: ಹೇಳಬೇಕಾದದ್ದನ್ನು ಗೆಳೆಯನಿಗೆ ಕನ್ನಡದಲ್ಲಿ ಹೇಳುತ್ತ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಆಮೇಲೆ ಅದನ್ನು ಕೇಳುತ್ತ ಬರೆದುಕೊಳ್ಳಿ. ಇಂಗ್ಲಿಷ್ ಪದ ಬಂದರೆ ಬರಲಿ, ತೆಲುಗಿನ ಪದ ಬಂದರೂ ಬರಲಿ. ಮೊದಲ ಕರಡಿನಲ್ಲಿ ಶುದ್ಧಿಯ ಚಿಂತೆ ಬೇಡ. ಓದಲು ಎ.ಎನ್. ಮೂರ್ತಿರಾಯರ ಪ್ರಬಂಧಗಳಿಂದ ಶುರುಮಾಡಿ. ಮಾತಿನ ಸಲುಗೆಯನ್ನು ಬಿಡದೆ ಬರವಣಿಗೆಯ ಹದವನ್ನು ಕಾಯ್ದುಕೊಳ್ಳುವುದು ಹೇಗೆಂದು ಅಲ್ಲಿ ಕಾಣುತ್ತದೆ. ಇಂಗ್ಲಿಷಿನಲ್ಲಿ ಬರೆಯುವುದನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಎ.ಕೆ. ರಾಮಾನುಜನ್ ಇಂಗ್ಲಿಷ್, ಕನ್ನಡ ಎರಡರಲ್ಲಿಯೂ ಕವಿತೆ ಬರೆದರು. ಯಾವುದನ್ನು ಯಾವ ಭಾಷೆಯಲ್ಲಿ ಬರೆಯಲು ಹೊರಟಿರೋ ಅದನ್ನು ಮೊದಲ ಸಾಲಿನಿಂದಲೇ ಆ ಭಾಷೆಯಲ್ಲಿ ಯೋಚಿಸಿ ಎಂಬುದಷ್ಟೇ ನನ್ನ ಕೋರಿಕೆ.

ಪ್ರಶ್ನೆ: ನನ್ನ ಮಗ ಪಿಯುಸಿ ವಿಜ್ಞಾನ ಓದುತ್ತಿದ್ದಾನೆ. ರಾತ್ರಿ ಓದುವ ಬದಲು ಕವಿತೆ ಬರೆಯುತ್ತಾನೆಂದು ಅವನ ನೋಟ್‌ಬುಕ್ ತೆರೆದಾಗ ಗೊತ್ತಾಯಿತು. ಇದರಿಂದ ಓದು ಕೆಡುವುದಿಲ್ಲವೇ? ಹೇಗೆ ತಡೆಯಬೇಕು? – ಒಬ್ಬ ತಂದೆ, ದಾವಣಗೆರೆ

ಉತ್ತರ: ತಡೆಯುವ ಅಗತ್ಯ ನನಗೆ ಕಾಣುವುದಿಲ್ಲ. ಯಶವಂತ ಚಿತ್ತಾಲರು ಮುಂಬೈಯಲ್ಲಿ ಪಾಲಿಮರ್ ತಂತ್ರಜ್ಞಾನದ ಉದ್ಯೋಗದಲ್ಲಿದ್ದುಕೊಂಡೇ ಉತ್ತರ ಕನ್ನಡದ ಹನೇಹಳ್ಳಿಯ ಕತೆಗಳನ್ನು ಬರೆದರು. ಅವರ ‘ಶಿಕಾರಿ’ ಕಾದಂಬರಿಯ ಕಂಪನಿ ಜಗತ್ತು ಆ ಉದ್ಯೋಗದ ಒಳಗಿದ್ದವರಿಗೆ ಮಾತ್ರ ಕಾಣುವಂಥದ್ದು. ಜಯಂತ ಕಾಯ್ಕಿಣಿಯವರು ಜೀವರಸಾಯನಶಾಸ್ತ್ರ ಓದಿ ಅದೇ ಮುಂಬೈಯ ಔಷಧ ಉದ್ಯಮದಲ್ಲಿ ಕೆಲಸ ಮಾಡಿದವರು, ನಿಸಾರ್ ಅಹಮದ್ ಭೂವಿಜ್ಞಾನದ ಅಧ್ಯಾಪಕರಾಗಿದ್ದವರು. ಬಿ.ಜಿ.ಎಲ್. ಸ್ವಾಮಿಯವರಂತೂ ಸಸ್ಯಶಾಸ್ತ್ರವನ್ನೇ ಕನ್ನಡದ ಅತ್ಯಂತ ಲವಲವಿಕೆಯ ಗದ್ಯಕ್ಕೆ ವಸ್ತುವನ್ನಾಗಿ ಮಾಡಿಕೊಂಡರು, ಅವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿಜ್ಞಾನ ಓದುವ ಹುಡುಗ ಕವಿತೆ ಬರೆದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ ಎನ್ನಲು ಇವರ ಬದುಕಿನಲ್ಲಿ ಆಧಾರ ಸಿಗುವುದಿಲ್ಲ. ನಿದ್ದೆಗೆಡುವುದು ಬೇರೆ ವಿಷಯ. ಅದಕ್ಕೆ ರಾತ್ರಿ ಇಂತಿಷ್ಟು ಹೊತ್ತಿಗೆ ದೀಪ ಆರಿಸಬೇಕೆಂದು ನಿಯಮ ಮಾಡಿ, ಬದಲಿಗೆ ಭಾನುವಾರದ ಬೆಳಗ್ಗೆಯನ್ನು ಟ್ಯೂಷನ್ನಿನಿಂದ ಬಿಡಿಸಿಕೊಡಿ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಅದರ ಹೊಣೆಯನ್ನು ನೇರವಾಗಿ ಕವಿತೆಯ ಮೇಲೆ ಹೊರಿಸುವ ಮೊದಲು ಆ ಪಾಠ ಅವನಿಗೆ ಅರ್ಥವಾಗಿದೆಯೇ ಎಂದು ವಿಚಾರಿಸಿ. ಅವನಾಗಿಯೇ ತಂದು ತೋರಿಸುವವರೆಗೆ ಆ ನೋಟ್‌ಬುಕ್ಕನ್ನು ಮತ್ತೆ ತೆರೆಯಬೇಡಿ. ತೋರಿಸಿದ ದಿನ ಪ್ರಾಸ ಸರಿಯಾಗಿದೆಯೇ ಇಲ್ಲವೇ ಎಂದು ಹೇಳಲು ಹೋಗದೆ, ಯಾವ ಸಾಲು ನಿಮಗೆ ಹಿಡಿಸಿತೆಂದು ಹೇಳಿ.